ಮನಸ್ಸನ್ನು ಕೊಟ್ಟುಬಂದ ಸಾತವ್ವ

ಬಹಳ ಕಾಲದ ಹಿಂದೆ, ವೇಣುವತಿ ಎಂಬ ರಾಜ್ಯದಲ್ಲಿ ಕೇತ ಎಂಬ ಮೇದರ ಯುವಕನಿದ್ದ. ಅವನೂ ಅವನ ಅಕ್ಕ ಸಾತವ್ವನೂ ಬಿದಿರು ಸೀಳಿ ಬುಟ್ಟಿ ಹೆಣೆದು ಬದುಕುತ್ತಿದ್ದರು. ಸಾತವ್ವನಿಗೆ ನೀಲಿ ಎಂಬ ಎರಡು ವರ್ಷದ ಮಗಳಿದ್ದಳು. ಒಂದು ಬೇಸಗೆಯಲ್ಲಿ ಜ್ವರ ಬಂದು ಮಗು ತೀರಿಕೊಂಡಿತು.

ರಾಜ್ಯದ ಗಡಿಯಲ್ಲಿ ಧೂಮ್ರಕೇಶನೆಂಬ ಮಾಂತ್ರಿಕನಿದ್ದ. “ಮನಸ್ಸು ಬೇರೆ, ದೇಹ ಬೇರೆ. ಎರಡೂ ಅಂಟಿಕೊಂಡಿರುವುದರಿಂದಲೇ ನೋವು. ಬನ್ನಿ, ಬಿಡಿಸಿಕೊಡುತ್ತೇನೆ” ಎಂದು ಸಾರುತ್ತಿದ್ದ. ಬಂದವರ ಮನಸ್ಸನ್ನು ಸೋರೆಬುರುಡೆಯಲ್ಲಿ ತುಂಬಿ ತನ್ನ ಗುಹೆಯಲ್ಲಿ ತೂಗುಹಾಕುತ್ತಿದ್ದ. ಬರಿದಾದ ದೇಹಗಳನ್ನು ತನ್ನ ಹೊಲದಲ್ಲಿ ದುಡಿಸುತ್ತಿದ್ದ. ದುಃಖ ತಾಳಲಾರದೆ ಸಾತವ್ವ ಒಂದು ಬೆಳಿಗ್ಗೆ ಅವನಲ್ಲಿಗೆ ಹೊರಟುಹೋದಳು.

ಕೇತ ಅವಳನ್ನು ಹುಡುಕಿಕೊಂಡು ಹೋದ. ಹೊಲದಲ್ಲಿ ಅಕ್ಕ ಮಣ್ಣು ಹೊರುತ್ತಿದ್ದಳು. “ಅಕ್ಕಾ” ಎಂದರೆ ತಿರುಗಿ ನೋಡಲಿಲ್ಲ. ಕೈಹಿಡಿದರೆ ಸುಮ್ಮನೆ ಹಿಂದೆ ಬಂದಳು. ಅವಳನ್ನು ಕರೆದುಕೊಂಡೇ ಅವನು ಮಾಂತ್ರಿಕನ ಗುಹೆಯತ್ತ ನಡೆದ.

ದಾರಿಗೆ ನೀಲಿ ಬಣ್ಣದ ಹುಲಿಯೊಂದು ಅಡ್ಡ ನಿಂತಿತು. “ಈಗ ಹೆದರಿರುವುದು ನೀನೋ, ನಿನ್ನ ದೇಹವೋ? ಸುಳ್ಳು ಹೇಳಿದರೆ ತಿನ್ನುತ್ತೇನೆ.”

“ಮೊಣಕಾಲುಗಳು ನಡುಗುತ್ತಿವೆ, ಬಾಯಿ ಒಣಗಿದೆ. ಇವನ್ನೆಲ್ಲ ತೆಗೆದರೆ ಭಯ ಅಂತ ಏನು ಉಳಿಯುತ್ತದೋ ನನಗೆ ತಿಳಿಯದು, ಹುಲಿರಾಯ” ಎಂದ ಕೇತ. ಹುಲಿ ದಾರಿ ಬಿಟ್ಟಿತು.

ಮುಂದೆ ಮುಳ್ಳಿನ ಬೆಟ್ಟ. ಬುಡದಲ್ಲಿದ್ದ ಹೆಬ್ಬಾವು, “ದೇಹವನ್ನು ಇಲ್ಲೇ ಬಿಡು. ಮನಸ್ಸೊಂದೇ ಹೋದರೆ ಚುಚ್ಚುವುದಿಲ್ಲ” ಎಂದಿತು.

“ಮತ್ತೆ ಅಕ್ಕನನ್ನು ಎತ್ತಿಕೊಳ್ಳುವವರು ಯಾರು?” ಎಂದು ಕೇತ ಅವಳನ್ನು ಬೆನ್ನಮೇಲೆ ಹೊತ್ತು ಹತ್ತಿದ. ಬೆಟ್ಟದ ತುಂಬ ಮರೆವಿನ ಹೂಗಳು ಅರಳಿದ್ದವು. ಆ ಕಂಪಿಗೆ ಯಾಕೆ ಬಂದೆನೆಂಬುದೇ ಮಸುಕಾಗುತ್ತಿತ್ತು. ಅಷ್ಟರಲ್ಲಿ ಒಂದು ಮುಳ್ಳು ಚುಚ್ಚುತ್ತಿತ್ತು, ನೆನಪು ಮರಳುತ್ತಿತ್ತು. ಕಾಲೆಲ್ಲ ರಕ್ತವಾಗಿತ್ತು, ಆದರೆ ಬೆಟ್ಟ ದಾಟಿದ.

ಗುಹೆಯಲ್ಲಿ ಸಾವಿರ ಸೋರೆಬುರುಡೆಗಳು ತೂಗುತ್ತಿದ್ದವು. ಒಳಗಿನವರು ಒಪ್ಪದೆ ಯಾವ ಬುರುಡೆಯೂ ಒಡೆಯುತ್ತಿರಲಿಲ್ಲ. ಹುಲಿ, ಹೆಬ್ಬಾವುಗಳ ನಂತರ ಕೇತನಿಗೆ ಇದೇ ಮೂರನೆಯ ಪರೀಕ್ಷೆ.

“ಅಕ್ಕಾ, ಎಲ್ಲಿದ್ದೀಯೆ?”

“ಇಲ್ಲಿದ್ದೀನಿ. ನೀನು ಹೋಗು ಕೇತಾ” ಎಂದಿತು ಒಂದು ಬುರುಡೆ. “ನನಗಿಲ್ಲಿ ನೋವಿಲ್ಲ.”

“ನೀಲಿ ನೆನಪಿದ್ದಾಳೇನೆ?”

“ಇದ್ದಾಳೆ. ನನಗೊಬ್ಬಳು ಮಗಳಿದ್ದಳು. ಎರಡು ವರ್ಷ. ಜ್ವರ ಬಂದಿತ್ತು.” ಊರಿನ ಸುದ್ದಿ ಹೇಳುವಂತೆ ಹೇಳಿತು.

ಕೇತ ಅಕ್ಕನ ದೇಹದತ್ತ ತಿರುಗಿದ. ಅದು ಎಡಸೊಂಟವನ್ನು ತುಸು ಹೊರಚಾಚಿ, ಎಡಗೈಯನ್ನು ಏನನ್ನೋ ಬಳಸಿ ಹಿಡಿದಂತೆ ಮಡಿಸಿ ನಿಂತಿತ್ತು.

“ಅಕ್ಕಾ, ನಿನ್ನ ಸೊಂಟ ಇನ್ನೂ ಮಗೂನ ಎತ್ತಿಕೊಂಡೇ ಇದೆ ಕಣೆ. ಅವಳ ಭಾರ ನಿನಗೆ ಗೊತ್ತಾ ಅಲ್ಲಿ?”

ಬುರುಡೆ ಮೆಲ್ಲಗೆ ಅತ್ತಿತ್ತ ತೂಗಿತು.

“ಇಲ್ಲ ಕಣೋ” ಎಂದಿತು ಕೊನೆಗೆ. “ಭಾರ ಇಲ್ಲ. ಕೂದಲ ವಾಸನೆಯೂ ಇಲ್ಲ. ಬರೀ ಹೆಸರಿದೆ. ನನ್ನನ್ನು ಕರಕೊಂಡು ಹೋಗು.”

ಬುರುಡೆ ಸಿಡಿಯಿತು, ಮನಸ್ಸು ದೇಹ ಸೇರಿತು. ಸಾತವ್ವ ಖಾಲಿ ಸೊಂಟವನ್ನು ತಡಕಿಕೊಂಡು ಕುಸಿದು ಕೂತಳು, ಗೋಳೋ ಎಂದು ಅತ್ತಳು. ಆ ಅಳು ಕೇಳಿ ಉಳಿದ ಮನಸ್ಸುಗಳಿಗೂ ಕಣ್ಣು ಬೇಕೆನಿಸಿತು, ಗಂಟಲು ಬೇಕೆನಿಸಿತು. ಒಂದೊಂದಾಗಿ ಬುರುಡೆಗಳೆಲ್ಲ ಸಿಡಿದವು, ಮನಸ್ಸುಗಳು ತಮ್ಮ ತಮ್ಮ ದೇಹ ಹುಡುಕಿ ಹೊರಟವು.

ಸದ್ದು ಕೇಳಿ ಧೂಮ್ರಕೇಶ ಓಡಿಬಂದ. ಮುನ್ನೂರು ವರ್ಷಗಳಿಂದ ಅವನು ಬೇರೆಯವರ ದೇಹಗಳಲ್ಲೇ ವಾಸಿಸುತ್ತಿದ್ದ. ಈಗ ಹೊಕ್ಕಿದ್ದು ಒಬ್ಬ ಕುರುಬನ ದೇಹ. ಕುರುಬನ ಮನಸ್ಸು ಮರಳಿ ಬಂದು ಅವನನ್ನು ಹೊರಗೆ ತಳ್ಳಿತು. ಅವನ ಸ್ವಂತ ದೇಹ ಎಂದೋ ಮಣ್ಣಾಗಿತ್ತು. ಗುಹೆಯಲ್ಲಿ ಮೂರು ಸುತ್ತು ಗಾಳಿಯಾಗಿ ಸುತ್ತಿ, ಸೇರಲು ಜಾಗ ಸಿಗದೆ ಅವನು ಇಲ್ಲವಾದ.

ಸಾತವ್ವ ಮನೆಯಲ್ಲಿ ಮೂರು ದಿನ ಅತ್ತಳು. ನಾಲ್ಕನೆಯ ದಿನ, “ಹಸಿವಾಗ್ತಿದೆ ಕಣೋ, ಏನಾದರೂ ಮಾಡಿದ್ದೀಯಾ?” ಎಂದಳು. ಕೇತ ಬಿಸಿ ಗಂಜಿ ಬಡಿಸಿದ. ಅವಳು ಎರಡು ಬಟ್ಟಲು ಕುಡಿದಳು.

ಮಾಂತ್ರಿಕನ ಹೊಲಗಳನ್ನು ರಾಜ ಅಲ್ಲಿ ದುಡಿದವರಿಗೇ ಹಂಚಿದ. ಕೇತನ ಕಾಲಿನ ಗಾಯ ಮಾಗಿತು. ಸಾತವ್ವ ಅಳು ಬಂದಾಗ ಅತ್ತಳು, ನಗು ಬಂದಾಗ ನಕ್ಕಳು. ಅಕ್ಕ ತಮ್ಮ ಇಬ್ಬರೂ ತಲೆ ಬೆಳ್ಳಗಾಗುವವರೆಗೆ ಒಟ್ಟಿಗೆ ಬುಟ್ಟಿ ಹೆಣೆದು ಸುಖವಾಗಿ ಬಾಳಿದರು.