ಬಿರಡೆಗೆ ಹತ್ತಿದ ವಾಸನೆ

ಜುಲೈ ಹದಿನಾಲ್ಕು, ಸೋಮವಾರ. ತಿಕೋಟಾ ಪೊಲೀಸ್ ಠಾಣೆಗೆ ಬಂದ ಸತೀಶಕುಮಾರ ಕುರ್ಚಿ ತೋರಿಸಿದರೂ ಕೂರಲಿಲ್ಲ. ಘೋಣಸಗಿ ರಸ್ತೆಯಲ್ಲಿ ಅವನದೊಂದು ಸಣ್ಣ ವೈನ್ ಕಾರ್ಖಾನೆ ಇತ್ತು.

"ನಮ್ಮ ವೈನಿನ್ಯಾಗ ಯಾರೋ ವಿಷ ಹಾಕ್ಯಾರ್ರಿ ಮೇಡಂ."

ಪಿಎಸ್‌ಐ ನಂದಾ ಬಿರಾದಾರ ದೂರು ಬರೆಸಿಕೊಂಡಳು. ವಿಜಯಪುರದಲ್ಲಿ ಗೋಳಗುಮ್ಮಟದ ಹತ್ತಿರದ ಹೋಟೆಲೊಂದು ಬಾಟಲಿಗಳನ್ನು ವಾಪಸು ಕಳಿಸಿತ್ತು. ಬಿರಡೆ ತೆಗೆದ ಕೂಡಲೇ ಕೆಟ್ಟ ವಾಸನೆ, ಕುಡಿದರೆ ರುಚಿಯೇ ಇಲ್ಲ. ವೈನ್ ತಯಾರಿಸುವ ರಾಹುಲ ಕಾರ್ಖಾನೆಯೆಲ್ಲ ಹುಡುಕಿದಾಗ, ಬಾಟಲಿ ತುಂಬುವ ಯುನುಸನ ಕಪಾಟಿನಲ್ಲಿ ಕೀಟನಾಶಕದ ಡಬ್ಬಿ ಸಿಕ್ಕಿತ್ತು.

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಕಾರ್ಖಾನೆಯಲ್ಲಿ ಪಂಚರ ಎದುರು ಪಂಚನಾಮೆ. ಬಾಟಲಿಗಳನ್ನೂ ಬಿರಡೆಗಳನ್ನೂ ಇಡುವ ಕೋಣೆಯ ಬಾಗಿಲು ತೆರೆದದ್ದೇ ಕಾನ್‌ಸ್ಟೇಬಲ್ ಅಮೋಘಿ ಕರವಸ್ತ್ರದಿಂದ ಮೂಗು ಮುಚ್ಚಿಕೊಂಡ.

"ಏನಿದು, ಹಸಿ ಗೋಣಿಚೀಲ ನಾರಿದಂಗ ನಾರಾಕತ್ತೈತಿ!"

"ಇಲ್ಲೆಲ್ಲಾ ಸ್ವಚ್ಛ ಐತ್ರಿ," ಎಂದ ರಾಹುಲ. "ವಿಷ ಇರೋದು ಬಾಟಲಿಯೊಳಗ."

ಡಬ್ಬಿಯನ್ನು ಜಪ್ತಿ ಮಾಡಿದರು. ಬಾಟಲಿ, ಬಿರಡೆ, ಅವನ್ನಿಡುವ ಕಟ್ಟಿಗೆಯ ಗೂಡಿನ ಚೂರು ಎಲ್ಲಕ್ಕೂ ಮೊಹರು ಹಾಕಿ ಪ್ರಯೋಗಾಲಯಕ್ಕೆ ಕಳಿಸಿದರು. ಸಂಜೆ ಯುನುಸನನ್ನು ಠಾಣೆಗೆ ಕರೆಸಿದರು.

"ಈ ಔಷಧ ಯಾರದು?"

"ನಂದಲ್ರಿ."

"ನಿನ್ನ ಕಪಾಟಿನ್ಯಾಗ ಹೆಂಗ ಬಂತು?"

"ಗೊತ್ತಿಲ್ರಿ. ಆ ಕಪಾಟಿಗೆ ಕೀಲಿನೇ ಇಲ್ರಿ."

"ಮಾಲಕರ ಮ್ಯಾಲ ಸಿಟ್ಟಿತ್ತೇನು?"

"ಯಾತರ ಸಿಟ್ರಿ? ಕೋಣ್ಯಾಗ ವಾಸನಿ ಬರಾಕತ್ತೈತಿ ಅಂತ ರಾಹುಲ ಸಾಹೇಬ್ರಿಗೆ ನಾನ ಹೇಳಿದ್ದೆ. ನಿನ್ನ ಮೂಗ ಕೆಟ್ಟೈತಿ ಅಂದ್ರು."

ಹೊರಗೆ ಅವನ ತಾಯಿ ಮಕ್ತುಮಬಿ ನಿಂತಿದ್ದಳು. ನಂದಾ ಹೊರಗೆ ಬಂದದ್ದೇ ಅವಳ ಕೈ ಹಿಡಿದುಕೊಂಡಳು. "ಯವ್ವಾ, ಊರಾಗ ನಮ್ಮ ಎಮ್ಮಿ ಹಾಲು ಸೈತ ಮಂದಿ ಒಲ್ಲೆ ಅನ್ನಾಕತ್ತಾರ. ವಿಷದ ಮನಿ ಅಂತಾರ. ಅವ ಅಂಥಾವಲ್ಲ ಬೇ."

ನಂದಾ ಒಳಗೆ ಹೋದಳು. ಯುನುಸನಿಗೆ ಊರು ಬಿಡಬಾರದೆಂದು ಹೇಳಿ ಕಳಿಸಿದಳು. ಮರುದಿನ ಅವನ ಮನೆಗೆ ಯಾರೋ ಕಲ್ಲು ಒಗೆದರು. ಅಮೋಘಿ ಎರಡು ದಿನ ಆ ಓಣಿಯಲ್ಲೇ ಪಹರೆ ನಿಂತ.

ಆಗಸ್ಟ್ ಮೊದಲ ವಾರ ವರದಿ ಬಂತು. ವೈನಿನಲ್ಲಿ ಕೀಟನಾಶಕದ ಸುಳಿವೇ ಇರಲಿಲ್ಲ. ನಂದಾ ಪ್ರಯೋಗಾಲಯಕ್ಕೆ ಫೋನ್ ಮಾಡಿದಳು.

"ಇದು ಬಿರಡೆಯಿಂದ ಬಂದ ದೋಷ," ಎಂದರು ಅಲ್ಲಿಯ ಅಧಿಕಾರಿ. "ಕಟ್ಟಿಗೆಗೆ ಬೂಷ್ಟು ಬಂದಿದೆ, ಅದನ್ನು ಬ್ಲೀಚಿಂಗ್ ಪುಡಿಯಿಂದ ತೊಳೆದಿದ್ದಾರೆ. ಬೂಷ್ಟಿಗೆ ಕ್ಲೋರಿನ್ ಸೇರಿದರೆ ಈ ವಾಸನೆಯ ಪದಾರ್ಥ ಹುಟ್ಟುತ್ತದೆ. ಕಟ್ಟಿಗೆಯಿಂದ ಗಾಳಿಗೆ, ಗಾಳಿಯಿಂದ ಬಿರಡೆಗೆ, ಬಿರಡೆಯಿಂದ ವೈನಿಗೆ. ಒಮ್ಮೆ ಕೋಣೆಗೆ ಹತ್ತಿದರೆ ಅಲ್ಲಿಟ್ಟ ಬಿರಡೆಯೆಲ್ಲ ಕೆಡಬಹುದು."

"ಕುಡಿದವರಿಗೆ ಅಪಾಯ?"

"ಏನೂ ಇಲ್ಲ. ವೈನ್ ಮಾತ್ರ ಹಾಳು."

ವಿಷವನ್ನೇ ಹಾಕಿಲ್ಲವೆಂದ ಮೇಲೆ ಡಬ್ಬಿ ಇಟ್ಟವರು ಯಾರು? ಡಬ್ಬಿಯ ಮೇಲಿನ ಬ್ಯಾಚ್ ನಂಬರು ಹಿಡಿದು ಅಮೋಘಿ ವಿತರಕರನ್ನು ವಿಚಾರಿಸಿದ. ಆ ಮಾಲು ಬಬಲೇಶ್ವರದ ಒಂದೇ ಅಂಗಡಿಗೆ ಹೋಗಿತ್ತು. ಅಮೋಘಿ ತೋರಿಸಿದ ಕಾರ್ಖಾನೆಯವರ ಫೋಟೋಗಳಲ್ಲಿ ಅಂಗಡಿಯ ಈರಯ್ಯ ರಾಹುಲನನ್ನು ತಕ್ಷಣ ಗುರುತು ಹಿಡಿದ.

"ಇವ್ರನ್ನ ಹೆಂಗ ಮರೀಲ್ರಿ? ಡಬ್ಬಿ ಸೋರಿ ನಮಗೆಲ್ಲಾ ತಲಿ ಗಿಮ್ ಅನ್ನಾಕತ್ತಿತ್ತು. ಇವ್ರು ಅದನ್ನ ಮೂಗಿನ ಹತ್ರಾನ ಹಿಡಕೊಂಡು, ಇದಕ್ಕ ವಾಸನಿ ಜೋರ ಐತೇನ್ರಿ ಅಂತ ನನ್ನ ಕೇಳಿದ್ರು."

ಹೇಳಿಕೆ ದಾಖಲಿಸಿಕೊಂಡು ಅಮೋಘಿ ಠಾಣೆಗೆ ಬಂದ. ನಂದಾ ಆ ಮಾತನ್ನು ಅವನಿಂದ ಇನ್ನೊಮ್ಮೆ ಹೇಳಿಸಿದಳು.

ರಾಹುಲನನ್ನು ಕರೆಸಿದಾಗ ಮೇಜಿನ ಮೇಲೆ ಎರಡು ಸ್ಟೀಲ್ ಲೋಟ ಇದ್ದವು.

"ಒಂದರಾಗ ನೀರು ಐತಿ, ಒಂದರಾಗ ಸ್ಪಿರಿಟ್. ಕುಡೀಬ್ಯಾಡ್ರಿ, ಮೂಸಿ ಹೇಳ್ರಿ."

ಅವನು ಒಂದನ್ನು ಎತ್ತಿ ಮೂಸಿದ. ಇನ್ನೊಂದನ್ನೂ ಮೂಸಿದ. ಮತ್ತೆ ಮೊದಲಿನದನ್ನು ಎತ್ತಿಕೊಂಡ. ಬಾಗಿಲ ಬಳಿ ನಿಂತಿದ್ದ ಅಮೋಘಿಗೂ ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು. ರಾಹುಲ ಲೋಟಗಳನ್ನು ಕೆಳಗಿಟ್ಟು ಎರಡೂ ಕೈಯಿಂದ ಮುಖ ಮುಚ್ಚಿಕೊಂಡ.

"ಯಾವಾಗಿಂದ?" ಕೇಳಿದಳು ನಂದಾ.

"ಹೋದ ವರ್ಷ ಜ್ವರ ಬಂದಿತ್ರಿ. ಜ್ವರ ಹೋತು, ಮೂಗು ತಿರುಗಿ ಬರಲಿಲ್ಲ."

"ಮಾಲಕರಿಗೆ ಯಾಕ ಹೇಳಲಿಲ್ಲ?"

"ಮೂಗಿಲ್ಲದವನ್ನ ವೈನ್ ಮಾಡಾಕ ಯಾರು ಇಟ್ಕೊಂತಾರ್ರಿ? ಇವತ್ತ ಬರತೈತಿ, ನಾಳೆ ಬರತೈತಿ ಅಂತ ಕಾದೆ. ಗೂಡಿಗೆ ಬೂಷ್ಟು ಬಂದಾಗ ಬ್ಲೀಚಿಂಗ್ ಹಾಕಿ ತೊಳೀರಿ ಅಂದಾವ ನಾನ. ಹಾಕಬಾರದು ಅಂತ ಗೊತ್ತಿತ್ತು. ವಾಸನಿ ಹತ್ತಿದ್ರ ತಿಳೀತೈತಿ ಅನ್ನೋ ಹಳೇ ಧೈರ್ಯ. ವರ್ಷದ ಮಾಲೆಲ್ಲಾ ಮೂಸಿ, ಚಲೋ ಐತಿ ಅಂತ ಸಹಿ ಮಾಡಿದೆ."

"ಯುನುಸ ನಿಮಗೇನ್ ಮಾಡಿದ್ದ?"

"ವಾಸನಿ ಐತಿ ಅಂತ ಹೇಳಿದಾವ ಅವನೊಬ್ಬನ ರೀ. ಅವನ ಮಾತು ಯಾರೂ ನಂಬಬಾರದು ಅಂತ ಡಬ್ಬಿ ಇಟ್ಟೆ."

ಸುಳ್ಳು ಸಾಕ್ಷ್ಯ ಸೃಷ್ಟಿಸಿದ ಆರೋಪದ ಮೇಲೆ ಅವತ್ತೇ ರಾಹುಲನನ್ನು ಬಂಧಿಸಿದರು. ಯುನುಸ ನಿರ್ದೋಷಿ ಎಂಬ ವರದಿ ನ್ಯಾಯಾಲಯಕ್ಕೆ ಹೋಯಿತು. ಸತೀಶಕುಮಾರ ಯುನುಸನ ಊರು ಘೋಣಸಗಿಗೆ ಹೋಗಿ ಎಲ್ಲರೆದುರು ಅವನ ಕೈ ಹಿಡಿದು ಕೆಲಸಕ್ಕೆ ಕರೆದ. ಯುನುಸ ಬರುವುದಿಲ್ಲವೆಂದ.

ವಿಜಯಪುರಕ್ಕೆ ಕರೆದೊಯ್ಯುವ ಮೊದಲು ರಾಹುಲನ ಹೆಂಡತಿ ಕೂಸನ್ನೆತ್ತಿಕೊಂಡು ಠಾಣೆಗೆ ಬಂದಳು. ಅವನು ಮಗಳ ನೆತ್ತಿಗೆ ಮುಖ ಒತ್ತಿ ಬಹಳ ಹೊತ್ತು ಉಸಿರೆಳೆದುಕೊಂಡ. ಆಮೇಲೆ ಕೂಸನ್ನು ತಾಯಿಯ ಕೈಗೆ ಕೊಟ್ಟ.

ಜೀಪು ಹತ್ತುವಾಗ ನಂದಾಳಿಗೆ ಮಾತ್ರ ಕೇಳುವಂತೆ ಹೇಳಿದ: "ಜ್ವರ ಬಂದ ಮ್ಯಾಲ ಹುಟ್ಟ್ಯಾಳ್ರಿ ಇಕಿ. ಇಕಿ ವಾಸನಿ ಹೆಂಗೈತಿ ಅಂತ ನನಗ ಗೊತ್ತಿಲ್ಲ."