ಅಳದ ಕೂಸುಗಳು

"ಹೇಳಽ... ಯಾರು ಕಳಿಸ್ಯಾರ ನಿನ್ನ?"

ಭೀಮು ನನ್ನ ಶರ್ಟಿನ ಕಾಲರ್ ಹಿಡಿದಿದ್ದ. ನನ್ನ ಹಿಮ್ಮಡಿ ಕೆಳಗೆ ನೆಲವೇ ಇರಲಿಲ್ಲ! ಲಿಫ್ಟ್‌ಗೆ ಅಂತ ಬಿಟ್ಟಿದ್ದ ಗುಂಡಿ... ಆರು ಮಹಡಿ ಆಳ!

ಮಗರಪಟ್ಟಾ ಬಡಾವಣೆಯ ಹಿಂದೆ ಏಳುತ್ತಿದ್ದ ಹೊಸ ಟವರ್ ಅದು. ಭೀಮು ಅಲ್ಲಿನ ಮುಕಾದಮ. ಯಾದಗಿರಿ ಕಡೆಯಿಂದ ಕೂಲಿಯವರನ್ನು ಕರೆತಂದವನು.

ನಾನು ನೀಲಿಮಾ. ಪ್ರೈವೇಟ್ ಡಿಟೆಕ್ಟಿವ್.

ಅವತ್ತು ಮಧ್ಯಾಹ್ನ ನಮ್ಮೂರಿನ ಶರಣಮ್ಮ ಓಡಿಬಂದಿದ್ದಳು. ಅದೇ ಟವರಿನ ಗಾರೆ ಕೆಲಸದವಳು. ಹಾಲು ಕುಡಿಸಲು ಹೋದರೆ ಕೂಸು ಚಿನ್ನು ಕಣ್ಣೇ ಬಿಡುತ್ತಿಲ್ಲ!

ಕೂಸನ್ನು ಆಸ್ಪತ್ರೆಗೆ ಸೇರಿಸಿದೆ. ಡಾಕ್ಟರ್ ಹೇಳಿದ್ದು ಒಂದೇ ಮಾತು.

"ಅಫೀಮು."

"ಯಾರ ಕೊಟ್ರಕ್ಕಾ ನನ್ನ ಕೂಸಿಗಿ?" ಶರಣಮ್ಮ ಎದೆ ಬಡಿದುಕೊಂಡಳು.

ಸೈಟಿಗೆ ಹೋದೆ. ತಗಡಿನ ಶೆಡ್. ಸಾಲಾಗಿ ಸೀರೆ ಕಟ್ಟಿದ ತೊಟ್ಟಿಲುಗಳು. ಹೊರಗೆ ಮಿಕ್ಸರ್ ಗಡಗಡ ಅನ್ನುತ್ತಿದೆ... ಒಂದು ಕೂಸೂ ಅಳುತ್ತಿಲ್ಲ!

ಆಂಬುಲೆನ್ಸ್‌ಗೂ ಪೊಲೀಸರಿಗೂ ಫೋನ್ ಮಾಡಿದೆ.

ಕೂಸುಗಳನ್ನು ಕಾಯುತ್ತಿದ್ದ ಮುದುಕಿ ಸಾವಿತ್ರಿಬಾಯಿ ಕಣ್ಣು ತಪ್ಪಿಸಿದಳು. ಅವಳ ಎಲೆ ಅಡಿಕೆ ಸಂಚಿಯಲ್ಲಿ ಕರಿ ಗುಳಿಗೆಗಳು.

"ಯಾರ ತಂದಕೊಟ್ರು?"

"ಭೀಮು... ಮ್ಯಾಲ ಅದಾನ್ರಿ. ಗಂಡಸರ ಚಾದಾಗೂ ಅವನೇ ಹಾಕ್ತಾನ."

ಒಬ್ಬಳೇ ಹತ್ತಿದ್ದು ನನ್ನ ತಪ್ಪು. ಈಗ ಗುಂಡಿಯ ಅಂಚಿನಲ್ಲಿ ತೂಗುತ್ತಾ ಅವನಿಗೇ ತಿರುಗಿ ಕೇಳಿದೆ.

"ಗಂಡಸರಿಗಿ ಚಾದಾಗ ಹಾಕ್ತೀ. ಕೂಸುಗಳಿಗೂ ಬಿಡಲಿಲ್ಲೇನು?"

"ಗಂಡಸರಿಗಿ ದಣಿವಿಲ್ಲ. ಹೆಂಗಸರಿಗಿ ಕೂಸಿನ ಕಾಟಿಲ್ಲ. ಯಾರಿಗೇನು ಲುಕ್ಸಾನ?"

ನಕ್ಕ. ತಳ್ಳಿದ!

ಅವನ ಬೆಲ್ಟು ನನ್ನ ಕೈಯಲ್ಲಿತ್ತು. ನಾನು ಬಿದ್ದರೆ ಅವನೂ! ಗಾಬರಿಯಿಂದ ಹಿಂದಕ್ಕೆ ಜಗ್ಗಿದ. ಮೊಣಕಾಲು ಎತ್ತಿ ಒಂದು ಕೊಟ್ಟೆ.

ಮುದುಡಿದ. ಎದ್ದ. ಓಡಿದ!

ಮೆಟ್ಟಿಲು... ಕಬ್ಬಿಣದ ರಾಶಿ... ಗೇಟು! ಒಳಗೆ ಬರುತ್ತಿದ್ದ ಆಂಬುಲೆನ್ಸ್ ಅಡ್ಡ ಬಂತು. ವಾಚ್‌ಮನ್ "ಪಕಡಾ!" ಅಂತ ಕೂಗಿ ಅವನ ಮೇಲೇ ಬಿದ್ದ. ಪೊಲೀಸರು ಬಂದು ಭೀಮುನನ್ನೂ ಮುದುಕಿಯನ್ನೂ ಜೀಪ್ ಹತ್ತಿಸಿದರು.

ಕೇಸ್ ಕ್ಲೋಸ್?

ಅನುಮಾನ ಬಿಡಲಿಲ್ಲ. ಎಲ್ಲ ಕೂಸಿಗೂ ಅದೇ ಗುಳಿಗೆ, ಅದೇ ಕೈ. ಚಿನ್ನುಗೆ ಮಾತ್ರ ಯಾಕೆ ಅಷ್ಟು ಏರಿತು?

ಆಸ್ಪತ್ರೆಗೆ ವಾಪಸ್ ಬಂದೆ. ಚಿನ್ನು ಕಣ್ಣು ಬಿಟ್ಟಿತ್ತು. ಶರಣಮ್ಮ ಕಾಲಿಗೆ ಬೀಳಲು ಬಂದಳು. ತೋಳು ಹಿಡಿದು ನಿಲ್ಲಿಸಿದೆ.

"ಕೆಲಸಕ್ಕ ಹೋಗೂ ಮುಂದ ಕೂಸಿಗಿ ನೀ ಏನ ಕೊಟ್ಟಿದ್ದಿ?"

ಅವಳ ಕೈ ಸೆರಗಿನ ಗಂಟಿಗೆ ಹೋಯಿತು.

"ಸಾಸಿವಿಕಾಳಷ್ಟ ರೀ ಅಕ್ಕಾ... ಊರಿಂದ ತಂದದ್ದು. ನಮ್ಮವ್ವನೂ ನನಗ ಹಂಗೇ ಕೊಟ್ಟು ಹೊಲಕ್ಕ ಹೋಗ್ತಿದ್ಳು. ಇವತ್ತ ಮೊದಲನೇ ಸಲ ಶೆಡ್ಡಿನ್ಯಾಗ ಬಿಟ್ಟಿದ್ದೆ. ಮುದುಕಿ ಮತ್ತ ಕೊಡ್ತಾಳಂತ ಗೊತ್ತಿರಲಿಲ್ರಿ!"

ಬೈಯೋಣ ಅಂದುಕೊಂಡೆ. ಅದರ ಬದಲು ಗಂಟು ಬಿಚ್ಚಿಸಿ ಗುಳಿಗೆ ಕಿತ್ತುಕೊಂಡೆ.

ಹೊರಗೆ ಬಂದರೆ ಬಾಗಿಲಲ್ಲಿ ಶಿವಕಾಂತಾ. ಅದೇ ಸೈಟಿನವಳು, ಅವಳ ಕೂಸೂ ಅದೇ ವಾರ್ಡಿನಲ್ಲಿತ್ತು. ಕೈ ಮುಗಿದಳು.

"ಭೀಮುನ್ನ ಹಿಡಿಸಿದ್ರಂತ. ಭಾಳ ಚಲೋ ಮಾಡಿದ್ರಿ ಬಿಡ್ರಿ ಅಕ್ಕಾ..."

ಆಚೀಚೆ ನೋಡಿ ದನಿ ತಗ್ಗಿಸಿದಳು.

"ನಾಳಿಂದ ಗುಳಗಿ ಯಾರ ಕಡಿ ಸಿಗ್ತಾವ್ರಿ?"