ಸಂದು ಬಿಡದ ಪದರ

ಗುಂಡ್ಲುಪೇಟೆಯ ಈರುಳ್ಳಿ ವ್ಯಾಪಾರಿ ಮಲ್ಲೇಶನಷ್ಟು ಒಂಟಿ ಮನುಷ್ಯ ಮೂರು ಲೋಕದಲ್ಲೂ ಇರಲಿಲ್ಲ. ಅವನ ಒಂಟಿತನವನ್ನು ಲಾರಿಗೆ ತುಂಬಿದ್ದರೆ ಕೇರಳದ ಗಡಿಯಲ್ಲಿ ಓವರ್‌ಲೋಡ್ ಎಂದು ಹಿಡಿದು ನಿಲ್ಲಿಸುತ್ತಿದ್ದರು. ಹಗಲೆಲ್ಲ ಸಾವಿರ ಮಂದಿಯ ಜೊತೆ ತೂಕದ ಮಾತು. ಗೋದಾಮಿನ ಬಾಗಿಲು ಎಳೆದ ಮೇಲೆ, ಊಟ ಆಯಿತಾ ಎಂದು ಕೇಳಲು ಒಂದು ನರಪಿಳ್ಳೆಯೂ ಇಲ್ಲ.

ಅಂಥವನ ತಾರಸಿಯ ಮೇಲೆ ಚಾಮರಾಜನಗರದ ಕಾಲೇಜಿನ ಶಿವರಂಜಿನಿ ಅಂಗೈಯಗಲದ ಎರಡು ಸೋಲಾರ್ ಸೆಲ್ ಇಟ್ಟು ಹೋದಳು. ಪೆರೋವ್‌ಸ್ಕೈಟ್ ಎಂಬ ಹೊಸ ಬಗೆಯವು. ಎಮ್ಮೆ ನೀರು ಕುಡಿದ ಹಾಗೆ ಬಿಸಿಲು ಕುಡಿಯುತ್ತವೆ, ಆದರೆ ತೇವ ತಾಗಿದರೆ ಸಾಯುತ್ತವೆ. ಅದಕ್ಕೇ ಒಂದಕ್ಕೆ ಗ್ರಾಫೀನ್ ಹೊದಿಸಿದ್ದಳು, ಒಂದೇ ಪರಮಾಣು ದಪ್ಪದ ಪದರ. ಇನ್ನೊಂದು ಬರಿಮೈ. ಹೊದ್ದದ್ದು ನೂರು ದಿನ ಬದುಕಿದರೆ ಅವಳ ಸಂಶೋಧನೆ ಗೆದ್ದಂತೆ. ದಿನಾ ಮಧ್ಯಾಹ್ನ ಮೀಟರ್ ನೋಡಿ ಫೋನಿನಲ್ಲಿ ಹೇಳುವುದು ಮಲ್ಲೇಶನ ಪಾಲಿಗೆ ಬಂತು.

“ಈರುಳ್ಳಿ ಸಿಪ್ಪೆಗಿಂತ ತೆಳ್ಳಗದಾ ಮೇಡಮ್ಮೋರೆ?”

“ಆ ಸಿಪ್ಪೇನ ಲಕ್ಷ ಪದರ ಸೀಳಿದ್ರೆ ಒಂದು ಸಿಗುತ್ತಲ್ಲ, ಅಷ್ಟು.”

“ಅಷ್ಟು ತೆಳ್ಳಂದು ಏನ ಕಾದಾತು?”

“ದಪ್ಪ ಮುಖ್ಯ ಅಲ್ಲ ಮಲ್ಲೇಶ್. ಎಲ್ಲೂ ಸಂದು ಬಿಡಬಾರದು, ಅಷ್ಟೆ.”

ಮೊದಮೊದಲು ಮೀಟರಿನ ಅಂಕಿ “ಇಪ್ಪತ್ತೆರಡು” ಎಂದರೆ ಫೋನು ಮುಗಿಯುತ್ತಿತ್ತು. ಇಪ್ಪತ್ತನೇ ದಿನ ಬರಿಮೈಯ ಸೆಲ್ ಅರಿಶಿನದ ಹಾಗೆ ಹಳದಿಗಟ್ಟಿ ಸತ್ತಿತು. ಆ ಸುದ್ದಿ ಕೇಳಿದವಳು, ಫೋನಿಡುವ ಮುಂಚೆ ಊಟ ಆಯ್ತಾ ಎಂದಳು. ಆ ಎರಡು ಪದ ತಿಂದೇ ಮಲ್ಲೇಶ ಒಂದು ತಿಂಗಳು ಬದುಕಿದ. ಜ್ವರ ಬರಲಿ, ಲೋಡು ಬರಲಿ, ಒಂದು ದಿನವೂ ಫೋನು ತಪ್ಪಿಸಲಿಲ್ಲ. ಎಂಬತ್ತು ದಿನ ದಾಟುತ್ತಲೇ ದಿಗಿಲು ಶುರುವಾಯಿತು. ಸೆಲ್ ಗೆದ್ದರೆ ಅವಳು ಎತ್ತಿಕೊಂಡು ಹೋಗುತ್ತಾಳೆ. ಆಮೇಲೆ ಅವನ ಮಧ್ಯಾಹ್ನಗಳೂ ಬರಿಮೈ.

ನೂರನೇ ದಿನ ಆಯುಧಪೂಜೆ. ಮಲ್ಲೇಶ ವಿಭೂತಿ ಕಲಸಿ ಲಾರಿಗೆ, ತಕ್ಕಡಿಗೆ, ಬಾಗಿಲಿಗೆ ಮೂರು ಮೂರು ಪಟ್ಟೆ ಎಳೆದ. ಮಧ್ಯಾಹ್ನ ಮೀಟರ್ ನೋಡಿದರೆ ಒಂಬತ್ತು. ಇಪ್ಪತ್ತೆರಡು ಎಂದು ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ. ಒಂಬತ್ತು ಎಂದೇ ಹೇಳಿದ. ಶಿವರಂಜಿನಿ ಹತ್ತಿದ ಬಸ್ಸು ಅವತ್ತು ನೆಲ ಮುಟ್ಟದೆ ಬಂದಿರಬೇಕು.

ತಾರಸಿ ಹತ್ತಿದವಳ ಕಾಲೇಜಿನ ಕನ್ನಡ ಹಾರಿಹೋಗಿ, ಹುಟ್ಟೂರು ಉಡಿಗಾಲದ್ದು ಬಾಯಿಗೆ ಬಂತು.

“ಇದೇನ್ ಮಾಡ್ಬುಟ್ರಿ? ಸೆಲ್ಲಿಗೂ ಈಬೂತಿ ಬಳ್ದ್‌ಬುಟ್ಟಿದ್ದೀರಲ್ಲ.”

“ಅದೂ ದುಡಿಯೋ ಸಾಮಾನಲ್ವಾ ಮೇಡಮ್ಮೋರೆ. ಅದೊಂದನ್ನೇ ಬುಟ್ರೆ ನೊಂದ್ಕತ್ತದೆ ಅಂತ.”

ನಗು ಕಾಣದಿರಲೆಂದು ಆ ಕಡೆ ತಿರುಗಿ, ವೇಲಿನ ಅಂಚಿನಿಂದ ಪಟ್ಟೆಗಳನ್ನು ಒರೆಸಿದಳು. ಸೆಲ್ಲನ್ನು ಬಿಸಿಲಿಗೆ ಹಿಡಿದಳು. ಎಲ್ಲೂ ಹಳದಿಯಿಲ್ಲ, ಬೆಳಗಿನಿಂದ ಮೈಮೇಲಿದ್ದ ವಿಭೂತಿಯ ಒದ್ದೆ ಒಳಗಿಳಿದೇ ಇರಲಿಲ್ಲ. ಮೀಟರ್ ಇಪ್ಪತ್ತೆರಡಕ್ಕೆ ಏರಿತು. ಆಗ ಅವಳು ಮಲ್ಲೇಶನನ್ನು ನೋಡಿದ ನೋಟಕ್ಕೆ ಇಡೀ ತಾಲ್ಲೂಕಿಗೆ ಕರೆಂಟು ಕೊಡಬಹುದಿತ್ತು.

ಆದರೂ ಸೆಲ್ಲನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಗಿಟ್ಟಳು. ಬಸ್ ನಿಲ್ದಾಣದವರೆಗೂ ಮಲ್ಲೇಶ ಜೊತೆಗೆ ಹೋದ. ಬಸ್ಸಿನ ಕಿಟಕಿಯಿಂದ, ನಾಳೆಯೂ ಮಧ್ಯಾಹ್ನ ಫೋನ್ ಮಾಡಿ ಎಂದಳು.

“ಏನಂತ ಏಳ್ಲಿ? ತಾರಸಿ ಮ್ಯಾಲೆ ಏನೂ ಇಲ್ವಲ್ಲ.”

“ನನ್ನೂ ಊಟ ಆಯ್ತಾ ಅಂತ ಕೇಳೋರಿಲ್ಲ ಕಣ್ರೀ. ಸಂದು ಬುಡಬ್ಯಾಡಿ.”

ಮಾರನೆಯ ಮಧ್ಯಾಹ್ನ ಮಲ್ಲೇಶ ಖಾಲಿ ತಾರಸಿ ಹತ್ತಿದ. ಸೆಲ್ ಇದ್ದ ಜಾಗದಲ್ಲಿ ಚೂರು ವಿಭೂತಿ ಉದುರಿತ್ತು. ಅದರ ಪಕ್ಕ ಕೂತು ನಂಬರ್ ಒತ್ತಿದ.